ಎರಡಿಂಚು

ಮೂವತ್ತೊಂದು ವರ್ಷ ಬಟ್ಟೆ ಕತ್ತರಿಸಿದ ಕಣ್ಣಿಗೆ ಜನ ಬರೀ ಜನರಾಗಿ ಕಾಣುವುದಿಲ್ಲ. ಹೊಲಿಗೆ ಅಂಗಡಿಯ ಆಕೆ ಭಾನುವಾರ ಬೆಳಿಗ್ಗೆ ಚರ್ಚಿನ ಆರಾಧನೆಗೆ ಬಂದು ಬೆಂಚಿನಲ್ಲಿ ಕೂತಳೆಂದರೆ ಮುಂದಿನ ಸಾಲಿನ ಬೆನ್ನುಗಳೆಲ್ಲ ಅವಳಿಗೆ ಅಳತೆಗಳೇ. ಔಷಧಿ ಅಂಗಡಿಯವನ ಎಡ ಹೆಗಲು ಅರ್ಧ ಇಂಚು ಕೆಳಗೆ. ವಾದ್ಯ ನುಡಿಸುವ ಮುದುಕಿಯ ಬೆನ್ನು ಬಾಗುತ್ತಾ ಬಂದು ಹಿಂಭಾಗಕ್ಕೆ ಈಗ ಒಂದೂವರೆ ಇಂಚು ಹೆಚ್ಚು ಬಟ್ಟೆ ಬೇಕು. ಪ್ರಾರ್ಥನೆಗೆ ಕಣ್ಣು ಮುಚ್ಚಿದರೂ ಅಂಕಿಗಳು ರೆಪ್ಪೆಯ ಒಳಗೆ ಓಡಾಡುತ್ತಿರುತ್ತವೆ. ಒಂದು ಸಲ ಕೊರಳಲ್ಲಿ ಅಳತೆಯ ಟೇಪು ನೇತುಬಿದ್ದಿದ್ದು ಮರೆತು ಹಾಗೆಯೇ ಆರಾಧನೆಗೆ ಬಂದುಬಿಟ್ಟಿದ್ದಳು. ಅಂದಿನಿಂದ ಸಭೆಯವರ ಬಾಯಲ್ಲಿ ಅವಳು ಟೇಪಕ್ಕ. ಆ ಹೆಸರು ಅವಳಿಗೆ ಇಷ್ಟ. ಇಷ್ಟವಾಗಿತ್ತು, ಮೂರು ವಾರದ ಹಿಂದಿನವರೆಗೆ. ಈ ಭಾನುವಾರ ಶಾಲೆಯ ಹೆಡ್‌ಮಿಸ್ ಅವರ ಮಗಳು ತಾಯಿಯ ಹಿಂದೆ ನಡೆದು ಬಂದು ಎರಡು ಸಾಲು ಮುಂದೆ ಕೂತಾಗ ಟೇಪಕ್ಕನ ಕಣ್ಣು ತನ್ನಷ್ಟಕ್ಕೆ ತಾನೇ ಅಳೆದುಬಿಟ್ಟಿತು: ಸೊಂಟ ಇಪ್ಪತ್ತಾರೂವರೆ. ಕತ್ತಿನ ಕೆಳಗಿನ ಎರಡು ಮೂಳೆಗಳು ಎದ್ದು ಕಾಣುತ್ತಿದ್ದವು. ಬರುವ ಶನಿವಾರ ಇದೇ ಬೆಂಚುಗಳ ನಡುವಿನ ದಾರಿಯಲ್ಲಿ ಆ ಹುಡುಗಿ ಬಿಳಿ ಗೌನು ತೊಟ್ಟು ಮದುಮಗಳಾಗಿ ನಡೆದು ಬರಬೇಕು. ಇನ್ನು ಅರ್ಧ ಇಂಚು ಇಳಿದರೆ ಗೌನಿನ ಜಿಪ್ಪು ಏರುತ್ತದೆ. ಆ ಅರ್ಧ ಇಂಚನ್ನು ನೆನೆದು ಟೇಪಕ್ಕನಿಗೆ ಸಮಾಧಾನವಾಯಿತು. ಸಮಾಧಾನವಾದದ್ದು ತಿಳಿದೊಡನೆ ಕಣ್ಣು ತಗ್ಗಿಸಿ ಹಾಡಿನ ಪುಸ್ತಕ ತೆರೆದಳು.

ಮೂರು ವಾರದ ಹಿಂದೆ, ಗೌನು ತೊಡಿಸಿ ನೋಡಿದ ದಿನ ಅಂಗಡಿಯಲ್ಲಿ ಬೇರೆ ಇಬ್ಬರು ಹೆಂಗಸರು ಕೂತಿದ್ದರು. ಅವರು ಇರದಿದ್ದರೆ ಎಂದು ಎಷ್ಟೋ ಸಲ ಅಂದುಕೊಂಡಿದ್ದಾಳೆ, ಅವರೇ ತಪ್ಪು ಮಾಡಿದವರೆಂಬಂತೆ. ಪರದೆಯ ಹಿಂದೆ ಜಿಪ್ಪು ಸೊಂಟದವರೆಗೆ ಬಂದು ನಿಂತಿತು. ಎಳೆದಳು. ಹುಡುಗಿ ಉಸಿರು ಹಿಡಿದಳು. ಮತ್ತೆ ಎಳೆದಳು. ಪರದೆಯ ಆಚೆಯಿಂದ ಹೆಡ್‌ಮಿಸ್, ಶಾಲೆಯ ಅಂಗಳದ ಕೊನೆಗೂ ಕೇಳುವ ದನಿಯಲ್ಲಿ, "ಏನಾಯ್ತು ಟೇಪಕ್ಕ, ಹಿಡೀತಿಲ್ವಾ?" ಎಂದರು. ಅಂಗಡಿಯಲ್ಲಿದ್ದ ಇಬ್ಬರ ಮಾತು ನಿಂತಿತು. ಆಗ ಯೋಚನೆ ಮಾಡುವ ಮೊದಲೇ ಅವಳ ಬಾಯಿಂದ ಬಂದದ್ದು, "ಏನಿಲ್ಲ ಮಿಸ್, ಮದುವೆ ಖುಷಿ. ಮಗು ಸ್ವಲ್ಪ ಮೈ ತುಂಬಿಕೊಂಡಿದೆ." ಎಲ್ಲರೂ ನಕ್ಕರು. ಹುಡುಗಿ ಮಾತ್ರ ಕನ್ನಡಿಯಲ್ಲಿ ತನ್ನನ್ನೇ ನೋಡಿಕೊಂಡು, "ನಾನು ದಪ್ಪ ಆಗಿಲ್ಲಕ್ಕ" ಎಂದಳು, ಮೆಲ್ಲಗೆ, ಸರಿ ಉತ್ತರ ಬರೆದು ತಪ್ಪು ಗುರುತು ಪಡೆದ ಮಗುವಿನಂತೆ. ಆ ಹೊತ್ತಿಗೆ ತಾನು ಹೇಳಿದ್ದು ಸುಳ್ಳೆಂದು ಟೇಪಕ್ಕನಿಗೆ ಗೊತ್ತಿರಲಿಲ್ಲ. ದೇವರ ಮುಂದೆ ಅದೊಂದನ್ನು ಅವಳು ಬಿಗಿಯಾಗಿ ಹಿಡಿದುಕೊಂಡಿದ್ದಳು: ಸ್ವಾಮಿ, ಆ ಹೊತ್ತಿಗೆ ನನಗೆ ಗೊತ್ತಿರಲಿಲ್ಲ.

ಗೊತ್ತಾದದ್ದು ಅವರೆಲ್ಲ ಹೋದ ಮೇಲೆ. ಅಳತೆಯ ಪುಸ್ತಕ ತೆಗೆದು ನೋಡಿದರೆ ಎರಡು ತಿಂಗಳ ಹಿಂದೆ ಅವಳದೇ ಕೈಯ ಪೆನ್ಸಿಲ್ ಬರಹ, ಇಂಗ್ಲಿಷ್ ಅಂಕಿಯಲ್ಲಿ: ಸೊಂಟ ಇಪ್ಪತ್ತೆಂಟು. ಕತ್ತರಿಸಿದ್ದು ಇಪ್ಪತ್ತಾರಕ್ಕೆ. ಕನ್ನಡಕ ಒರೆಸದೆ ಕೂತಿದ್ದ ಯಾವುದೋ ಮಧ್ಯಾಹ್ನ ಎಂಟು ಆರಾಗಿ ಕಂಡಿರಬೇಕು. ಕಾಲ ಕೆಳಗಿನ ನೆಲ ಜಾರಿತು ಅನ್ನುತ್ತಾರಲ್ಲ, ಹಾಗೇನೂ ಆಗಲಿಲ್ಲ. ಬೀದಿಯಲ್ಲಿ ಯಾರೋ ಸೈಕಲ್ಲಿನ ಗಂಟೆ ಬಾರಿಸುತ್ತಿದ್ದರು, ಇಸ್ತ್ರಿಯ ಬಿಸಿಗೆ ಒದ್ದೆ ಬಟ್ಟೆಯ ವಾಸನೆ ಏಳುತ್ತಿತ್ತು. ಆ ಸಾಧಾರಣ ಹೊತ್ತಿನಲ್ಲಿ ಅವಳು ರಬ್ಬರು ತೆಗೆದುಕೊಂಡು ಎಂಟರ ಮೇಲಿನ ಸುತ್ತಿನ ಬಲಗಡೆಯನ್ನು ಅಳಿಸಿದಳು. ಅಷ್ಟೇ. ಒಂದು ಅಕ್ಕಿಕಾಳಿನಷ್ಟು ಗೆರೆ. ಎಂಟು ಆರಾಯಿತು. ಪುಸ್ತಕ ಮುಚ್ಚಿದ ಮೇಲೆ ಕೈ ನೋಡಿಕೊಂಡಳು. ಏನೂ ಆಗಿರಲಿಲ್ಲ, ಎಂದಿನ ಕೈಯೇ. ಮರುದಿನ ಹೆಡ್‌ಮಿಸ್ ಬಂದು, "ಮಗಳು ಹಟ ಮಾಡ್ತಿದಾಳೆ, ತಾನು ದಪ್ಪ ಆಗೇ ಇಲ್ವಂತೆ. ಪುಸ್ತಕ ತೋರಿಸಿ, ಅವಳ ಬಾಯಿ ಮುಚ್ಚಿಸ್ತೀನಿ" ಅಂದಾಗ ಟೇಪಕ್ಕ ತೋರಿಸಿದಳು. ಬೆರಳಿಟ್ಟು ತೋರಿಸಿದಳು. ಹೆಡ್‌ಮಿಸ್ ಅವಳ ಬೆನ್ನು ತಟ್ಟಿ, "ಬಿಚ್ಚಬೇಡಿ. ಸ್ಯಾಟಿನ್ನಿಗೆ ಸೂಜಿ ತೂತಾದ್ರೆ ಹೋಗಲ್ಲ ಅಂತ ನೀವೇ ಹೇಳ್ತೀರಲ್ಲ. ಅವಳೇ ಇಳೀತಾಳೆ ಬಿಡಿ" ಎಂದು ಹೊರಟುಹೋದರು.

ಆರಾಧನೆಯಲ್ಲಿ ಸಭಾಪಾಲಕರು ಈಗ ಎಲ್ಲರನ್ನೂ ಪಾಪ ಒಪ್ಪಿಕೊಳ್ಳುವ ಪ್ರಾರ್ಥನೆಗೆ ಕರೆದರು. ಇನ್ನೂರು ದನಿ ಒಟ್ಟಿಗೆ ಎದ್ದವು. ಅವಳೂ ಹೇಳಿದಳು. ಎಲ್ಲರ ಜೊತೆ ಹೇಳುವುದು ಕಷ್ಟವಲ್ಲ. ತುಂಬಿದ ಬಸ್ಸಿನಲ್ಲಿ ನಿಂತ ಹಾಗೆ, ಯಾರ ಕಾಲು ಯಾರು ತುಳಿದರೋ ಯಾರಿಗೂ ತಿಳಿಯುವುದಿಲ್ಲ. ಸಭಾಪಾಲಕರ ನಿಲುವಂಗಿಯ ಅಂಚು ಪಾದದಿಂದ ಒಂದಿಂಚು ಮೇಲಿತ್ತು. ಹೋದ ವರ್ಷ ಅದನ್ನು ತಪ್ಪಾಗಿ ಕತ್ತರಿಸಿದವಳು ಅವಳೇ, ಮರುದಿನವೇ ಹೋಗಿ ಒಪ್ಪಿಕೊಂಡವಳೂ ಅವಳೇ. ಅವರು ಹೊಟ್ಟೆ ಹಿಡಿದುಕೊಂಡು ನಕ್ಕು ಮುಂದಿನ ಭಾನುವಾರ ಪೀಠದ ಮೇಲಿಂದಲೇ, ಕೆಲಸದಲ್ಲಿ ದೇವರಿಗೆ ಹೆದರಿ ನಡೆಯುವವರು ನಮ್ಮ ನಡುವೆ ಇದ್ದಾರೆ ಎಂದು ಹೇಳಿ ಕಾಲು ಎತ್ತಿ ತೋರಿಸಿದ್ದರು. ಸಭೆಯೆಲ್ಲ ನಕ್ಕು ಅವಳ ಕಡೆ ತಿರುಗಿತ್ತು. ಅಂದಿನ ಆ ಬೆಚ್ಚನೆಯ ಸುಖ ಈಗ ಅವಳಿಗೆ ಹೇಸಿಗೆ ತಂದಿತು. ಆ ಒಪ್ಪಿಗೆ ಸುಲಭವಾಗಿತ್ತು. ಸಭಾಪಾಲಕರು ಕ್ಷಮಿಸಲೇಬೇಕಾದ ಕೆಲಸದಲ್ಲಿ ಇರುವವರು, ಹೆಡ್‌ಮಿಸ್ ಅಲ್ಲ.

ಆರಾಧನೆ ಮುಗಿದು ಮೆಟ್ಟಿಲಿಳಿಯುವಾಗ ಹುಡುಗಿ ತಾನೇ ಬಂದು ಕೈ ಹಿಡಿದಳು. ಲೈಬ್ರರಿಯಲ್ಲಿ ಕೆಲಸ ಮಾಡುವ ಹುಡುಗಿ. ಬೆರಳ ತುದಿಗಳು ಯಾವಾಗಲೂ ಸ್ವಲ್ಪ ಧೂಳು. ಇಂದು ಆ ಬೆರಳು ಬಿಸಿಲಿನಲ್ಲೂ ತಣ್ಣಗಿದ್ದವು. "ಇನ್ನು ಅರ್ಧ ಇಂಚು ಅಕ್ಕ. ಶುಕ್ರವಾರದೊಳಗೆ ಇಳಿಸಿಬಿಡ್ತೀನಿ" ಎಂದಳು, ನಗುತ್ತಾ. ಬರಿಹೊಟ್ಟೆಯ ಉಸಿರು ಟೇಪಕ್ಕನ ಮುಖಕ್ಕೆ ತಾಗಿತು. "ಮೊನ್ನೆ ಲೈಬ್ರರಿ ಏಣಿ ಮೇಲೆ ಕಣ್ಣು ಕತ್ತಲೆ ಬಂತು ನೋಡಿ. ಕೆಳಗಿದ್ದ ಮುದುಕರ ಮೇಲೆ ಮೂರು ಸಂಪುಟ ಬಿತ್ತು. ಪಾಪ, ಅವರೇ ನನಗೆ ಸಾರಿ ಕೇಳಿದ್ರು!" ನಗುತ್ತಲೇ ಹೋದಳು. ಟೇಪಕ್ಕನೂ ನಕ್ಕಳು. ಆಮೇಲೆ ಗಂಡನ ಜೊತೆ ಮನೆಯ ದಾರಿ ಹಿಡಿದಾಗ ಅವಳಿಗೆ ಕೇಳುತ್ತಿದ್ದದ್ದು ಆ ತನ್ನ ನಗು ಒಂದೇ. ಈ ಸಲ ಏಣಿಯಿಂದ ಬಿದ್ದದ್ದು ಪುಸ್ತಕ, ಹುಡುಗಿಯಲ್ಲ.

ಗಂಡ ರೈಲಿನ ಗಾರ್ಡ್ ಆಗಿದ್ದು ನಿವೃತ್ತನಾದವನು. ಈಗಲೂ ಹೊತ್ತು ನೋಡದೆ ಊಟಕ್ಕೆ ಕೂರುವುದಿಲ್ಲ. "ಏನೇ, ತಟ್ಟೆ ನೋಡ್ತಾ ಕೂತಿದೀಯ, ಅದಕ್ಕೂ ಅಳತೆ ತಗೋಬೇಕಾ?" ಅಂದ. ಅವಳು ತಲೆನೋವು ಅಂದಳು. ಇದು ಇನ್ನೊಂದು, ಎಂದು ಒಳಗಿನಿಂದ ಯಾರೋ ಎಣಿಸಿದರು. ಮಧ್ಯಾಹ್ನ ಮನೆಗೆ ಅಂಟಿಕೊಂಡ ಅಂಗಡಿಯ ಒಳಕೋಣೆಗೆ ಹೋಗಿ, ಬಟ್ಟೆಯ ಗಂಟುಗಳ ನಡುವೆ ಮೊಣಕಾಲೂರಿದಳು. ಗೋಡೆಯ ಮೊಳೆಗೆ ಗೌನು ನೇತುಬಿದ್ದಿತ್ತು, ನಡೆಯುವಾಗ ಹಿಂದೆ ನೆಲದ ಮೇಲೆ ಎಳೆದು ಬರುವ ಅದರ ಉದ್ದನೆಯ ಬಾಲ ಹಾಳೆಯೊಳಗೆ ಮಡಚಿಕೊಂಡು. ಅವಳು ದೇವರ ಜೊತೆ ಚೌಕಾಸಿಗೆ ಕೂತಳು. ಮದುವೆ ಮುಗಿದ ಮೇಲೆ ಹೇಳುತ್ತೇನೆ, ಈಗ ಹೇಳಿದರೆ ಅವರ ಸಂತೋಷ ಕೆಡುತ್ತದೆ. ಇಲ್ಲವೇ ಯಾರಿಗೂ ಹೇಳದೆ ಬಿಚ್ಚಿ ಸರಿಮಾಡುತ್ತೇನೆ, ಹುಡುಗಿ ತಾನೇ ಇಳಿದೆ ಅಂದುಕೊಳ್ಳಲಿ. ಪ್ರತಿಯೊಂದು ಮಾತೂ ನ್ಯಾಯವಾಗಿಯೇ ಇತ್ತು. ಕರ್ತನು ಬೈಯಲಿಲ್ಲ. ಬೈದಿದ್ದರೆ ತಿರುಗಿ ಏನಾದರೂ ಹೇಳಬಹುದಿತ್ತು. ಬಟ್ಟೆ ಆಗಿದೆಯೋ ಇಲ್ಲವೋ ಎಂದು ಕೇಳದೆ, ಎದ್ದು ಹೋಗದೆ, ಅಂಗಡಿಯ ಬೆಂಚಿನ ಮೇಲೆ ಸುಮ್ಮನೆ ಕಾಯುತ್ತಾ ಕೂರುವ ಗಿರಾಕಿಗಳಿರುತ್ತಾರೆ. ಅವರ ಎದುರು ಅವಳಿಗೆ ಎಂದೂ ಕೈ ಓಡಿದ್ದಿಲ್ಲ. ದೇವರೂ ಹಾಗೆ ಕಾಯುತ್ತಿದ್ದಾನೆ ಅನ್ನಿಸಿತು. ಎಷ್ಟೋ ಹೊತ್ತಿನ ಮೇಲೆ ಮೊಣಕಾಲು ಜೋಮು ಹಿಡಿದು, ಗಂಟುಗಳ ಮೇಲೆ ಕೈಯೂರಿ ಏಳುತ್ತಾ, "ಆಯ್ತು, ನಾಳೆ" ಎಂದಳು, ದೊಡ್ಡದಾಗಿಯೇ. ಪಕ್ಕದ ಕೋಣೆಯಿಂದ ಗಂಡ, "ಯಾರ ಹತ್ರ ಮಾತಾಡ್ತಿದೀಯ?" ಎಂದ. "ನಿಮ್ಮ ಹತ್ರ ಅಲ್ಲ ಬಿಡಿ" ಎಂದಳು. ಮೂರು ವಾರದಲ್ಲಿ ಅವಳು ಆಡಿದ ಮೊದಲ ನಿಜ ಅದೇ ಇರಬೇಕು.

ಸೋಮವಾರ ನಾಲ್ಕಕ್ಕೆ ಗೌನನ್ನು ಹೊದಿಕೆಯೊಳಗೆ ಹಾಕಿ ಎರಡೂ ತೋಳಿನ ಮೇಲೆ ಹೊತ್ತು ಬಸ್ಸು ಹತ್ತಿದಳು, ಬಗಲಿನ ಚೀಲದಲ್ಲಿ ಅಳತೆಯ ಪುಸ್ತಕ. ಕಂಡಕ್ಟರು, "ಒಳಗೆ ಮದುಮಗಳೂ ಇದಾಳಾ? ಎರಡು ಟಿಕೆಟ್ ಕೊಡ್ಲಾ?" ಎಂದು ಕಿಚಾಯಿಸಿದ. ಬೇರೆ ದಿನವಾಗಿದ್ದರೆ ಅವಳು ಅವನ ಅಂಗಿಯ ಕಾಲರು ಉಲ್ಟಾ ಹೊಲಿದಿದೆಯೆಂದು ತೋರಿಸಿ ಬಾಯಿ ಮುಚ್ಚಿಸುತ್ತಿದ್ದಳು. ಹೇಳಬೇಕಾದದ್ದನ್ನು ಮನಸ್ಸಿನಲ್ಲಿ ಹೊಲಿಯುತ್ತಾ ಬಿಚ್ಚುತ್ತಾ ಕೂತಳು. 'ಒಂದು ಸಣ್ಣ ತಪ್ಪಾಗಿದೆ ಮಿಸ್.' ಸಣ್ಣ ಎಂಬುದನ್ನು ತೆಗೆದಳು. 'ತಪ್ಪಾಗಿದೆ.' ತನ್ನಷ್ಟಕ್ಕೆ ಆಗಿದೆಯೇ? 'ತಪ್ಪು ಮಾಡಿದೆ.' ಅಷ್ಟು ಗಿಡ್ಡ ಮಾತು ಬಾಯಲ್ಲಿ ನಿಲ್ಲುತ್ತಿರಲಿಲ್ಲ. ಅದಕ್ಕೆ ಅಂಚು ಕಟ್ಟಬೇಕು, ಒಳಪದರ ಹಾಕಬೇಕು ಎನ್ನಿಸುತ್ತಿತ್ತು. ಇಳಿಯಬೇಕಾದ ನಿಲ್ದಾಣ ಬಂತು. ಇಳಿಯಲಿಲ್ಲ. ಮುಂದಿನ ನಿಲ್ದಾಣದಲ್ಲಿ ಇಳಿದು, ಆ ಭಾರ ಹೊತ್ತು ಬಂದ ದಾರಿಯಲ್ಲೇ ತಿರುಗಿ ನಡೆದಳು. ಹೊದಿಕೆಯ ಕೆಳಗೆ ಬಾಲ ಜಾರಿ ರಸ್ತೆ ಗುಡಿಸುವಂತಾದಾಗ ನಿಂತು ಅದನ್ನು ಕೊರಳಿಗೆ ಸುತ್ತಿಕೊಂಡಳು. ಆ ಅವತಾರದಲ್ಲೇ ಹೆಡ್‌ಮಿಸ್ ಅವರ ಮನೆಯ ಕರೆಗಂಟೆ ಒತ್ತಿದ್ದು.

ಹೆಡ್‌ಮಿಸ್ ಊಟದ ಮೇಜಿನ ಮೇಲೆ ಪರೀಕ್ಷೆಯ ಉತ್ತರಪತ್ರಿಕೆ ಹರಡಿಕೊಂಡು ಕೆಂಪು ಪೆನ್ನು ಹಿಡಿದು ಕೂತಿದ್ದರು. ಮಗಳು ಆಗಷ್ಟೇ ಕೆಲಸದಿಂದ ಬಂದು ಗೋಡೆಗೆ ಒರಗಿ ಚಪ್ಪಲಿ ಬಿಚ್ಚುತ್ತಿದ್ದಳು. "ಬನ್ನಿ ಬನ್ನಿ. ಇಷ್ಟು ಬೇಗ ತಂದ್ರಾ? ಇನ್ನೂ ಪೂರ್ತಿ ಇಳಿದಿಲ್ಲ ಇವಳು" ಎಂದರು ಹೆಡ್‌ಮಿಸ್. ಟೇಪಕ್ಕ ಗೌನನ್ನು ಕುರ್ಚಿಯ ಮೇಲೆ ಮಲಗಿಸಿದಳು. ಕೂರಲಿಲ್ಲ. ಕೂತರೆ ನೀರು ಕೊಡುತ್ತಾರೆ, ನೀರು ಕುಡಿದರೆ ಮಾತು ಬೇರೆ ದಾರಿ ಹಿಡಿಯುತ್ತದೆ.

"ಮಿಸ್, ಮಗು ದಪ್ಪ ಆಗಿರಲಿಲ್ಲ. ಅವಳ ಸೊಂಟ ಇಪ್ಪತ್ತೆಂಟೇ. ನಾನು ಇಪ್ಪತ್ತಾರಕ್ಕೆ ಕತ್ತರಿಸಿದೆ."

ಹೆಡ್‌ಮಿಸ್ ನಕ್ಕರು. "ಪುಸ್ತಕದಲ್ಲಿ ಇಪ್ಪತ್ತಾರು ಅಂತ ನಾನೇ ನೋಡಿದೀನಲ್ಲ."

"ಅದು ತಿದ್ದಿದ್ದು. ಎಂಟು ಇತ್ತು. ರಬ್ಬರ್ ಹಾಕಿ ಆರು ಮಾಡಿದೆ. ನಿಮಗೆ ಬೆರಳಿಟ್ಟು ತೋರಿಸಿದೆ." ಪುಸ್ತಕ ತೆಗೆದು ಮೇಜಿನ ಮೇಲೆ, ಉತ್ತರಪತ್ರಿಕೆಗಳ ಮೇಲೆಯೇ ಇಟ್ಟಳು.

ಹೆಡ್‌ಮಿಸ್ ಕನ್ನಡಕ ಸರಿಮಾಡಿಕೊಂಡು ಪುಟವನ್ನು ಬೆಳಕಿಗೆ ಹಿಡಿದರು. ಸಾವಿರಾರು ಮಕ್ಕಳ ತಿದ್ದುಪಡಿ ಕಂಡ ಕಣ್ಣು. ಒಂದೇ ಕ್ಷಣ ಸಾಕಾಯಿತು. ಮುಖ ಕೆಂಪೇರಿತು. "ತಿದ್ದಿದಿರಾ? ಮಾರ್ಕ್ಸ್ ಕಾರ್ಡ್ ತಿದ್ದಿದ ಮಕ್ಕಳನ್ನ ನಾನು ಏನು ಮಾಡ್ತೀನಿ ಗೊತ್ತಾ ನಿಮಗೆ? ಮೂರು ವಾರ! ಪ್ರತಿ ಭಾನುವಾರ ಸಭೆಯಲ್ಲಿ ಮುಖ ನೋಡಿ ನಕ್ಕಿದೀರಲ್ರೀ. ನಿಮ್ಮ ಮಾತು ಕೇಳಿ ನಾನು…" ಎಂದವರು ತಟ್ಟನೆ ನಿಂತರು. ಟೇಪಕ್ಕ ತಲೆ ತಗ್ಗಿಸಿಕೊಂಡು ನಿಂತಿದ್ದಳು. ಕಿವಿ ಸುಡುತ್ತಿತ್ತು. ಐವತ್ತೆರಡು ವರ್ಷದ ಮೈ ತರಗತಿಯ ಮೂಲೆಯಲ್ಲಿ ನಿಲ್ಲಿಸಿದ ಎಂಟು ವರ್ಷದ ಮೈಯಾಗಿತ್ತು. ಅಂಗಡಿ ಹೋಗುತ್ತದೆ, ಹೆಸರು ಹೋಗುತ್ತದೆ, ನಾಳೆಗೆ ಇದು ಸಭೆಯ ಎಲ್ಲ ಅಡಿಗೆಮನೆಗಳನ್ನೂ ಸುತ್ತಿ ಬರುತ್ತದೆ ಎಂಬುದೆಲ್ಲ ಗೊತ್ತಿದ್ದೂ, ಎದೆಯೊಳಗೆ ಮಾತ್ರ ಏನೋ ಒಂದು, ಬಿಗಿಯಾಗಿ ಕಟ್ಟಿದ್ದ ಗಂಟು, ಒಂದೊಂದೇ ಎಳೆಯಾಗಿ ಸಡಿಲವಾಗುತ್ತಿತ್ತು. ಇದು ನ್ಯಾಯವಲ್ಲ ಅನ್ನಿಸಿತು. ಬೈಗುಳ ತಿನ್ನುವ ಹೊತ್ತಿನಲ್ಲಿ ಇಷ್ಟು ಹಗುರವಾಗುವುದು ಮರ್ಯಾದೆಯೂ ಅಲ್ಲ.

ಹುಡುಗಿ ಬಿಚ್ಚಿದ ಚಪ್ಪಲಿ ಅಲ್ಲೇ ಬಿಟ್ಟು ಒಳಗೆ ಹೋದಳು. ತಾಯಿಯ ಬೈಗುಳಕ್ಕಿಂತ ಹುಡುಗಿ ಏನನ್ನುವಳೋ ಎಂದೇ ಟೇಪಕ್ಕ ಹೆದರಿದ್ದಳು. ಅಡಿಗೆಮನೆಯಲ್ಲಿ ಏನೋ ಸದ್ದಾಯಿತು, ಬಾಗಿಲು ಎಳೆದಂತೆ, ತಗಡು ಕುಟ್ಟಿದಂತೆ. ಆಮೇಲೆ ಒಳಗಿನಿಂದಲೇ ದನಿ ಬಂತು.

"ಅಮ್ಮಾ, ಬ್ರೆಡ್ಡಿನ ಡಬ್ಬಿ ಕೀಲಿ ಕೊಡು."

ಹೆಡ್‌ಮಿಸ್ ಟೇಪಕ್ಕನ ಮುಖ ನೋಡಲಿಲ್ಲ. ಕೆಂಪು ಪೆನ್ನಿನ ಮುಚ್ಚಳ ಹಾಕಿದರು, ತೆಗೆದರು, ಮತ್ತೆ ಹಾಕಿದರು. ಕೊನೆಗೆ ಕೈಚೀಲದಿಂದ ಒಂದು ಪುಟ್ಟ ಕೀಲಿ ತೆಗೆದು ಅಂಗೈಯಲ್ಲಿಟ್ಟುಕೊಂಡು ಕೂತರು. ಶಾಲೆಯ ಅಂಗಳಕ್ಕೆಲ್ಲ ಕೇಳುವ ದನಿ ಎಲ್ಲೋ ಹೋಗಿತ್ತು. "ರಾತ್ರಿ ಎದ್ದು ತಿಂತಾಳೆ ಅಂತ" ಎಂದರು. "ಬೆಳಿಗ್ಗೆ ಎದ್ದ ತಕ್ಷಣ ನಾನೇ ಅವಳ ಸೊಂಟ ಅಳೀತಿದ್ದೆ." ಹುಡುಗಿ ಬಂದು ಆ ಅಂಗೈಯಿಂದ ಕೀಲಿ ತೆಗೆದುಕೊಂಡು ಹೋದಳು. ತಿರುಗಿ ಬಂದಾಗ ಒಂದು ಕೈಯಲ್ಲಿ ಕಚ್ಚಿದ ಬ್ರೆಡ್ಡು, ಬೆರಳು ದಪ್ಪದ ಬೆಣ್ಣೆ, ಇನ್ನೊಂದು ಕೈಯಲ್ಲಿ ಇಡೀ ಡಬ್ಬಿ. ಬಾಯಿ ತುಂಬಿತ್ತು, ಕಣ್ಣೂ ತುಂಬಿತ್ತು, ಅಳುತ್ತಿದ್ದಾಳೋ ನಗುತ್ತಿದ್ದಾಳೋ ಅವಳಿಗೇ ತಿಳಿದಂತಿರಲಿಲ್ಲ.

"ನಾನು ಹೇಳ್ಲಿಲ್ವಾ ಅಮ್ಮ? ಹೇಳ್ದೆ ತಾನೆ? ದಪ್ಪ ಆಗಿಲ್ಲ ಅಂತ ಎಷ್ಟು ಸಲ ಹೇಳ್ದೆ!"

"ಹೇಳಿದ್ದೆ" ಎಂದರು ತಾಯಿ. "ನಾನು ಪುಸ್ತಕ ನಂಬಿದೆ."

"ತಪ್ಪು ನನ್ನದು, ಅವರದ್ದಲ್ಲ" ಎಂದಳು ಟೇಪಕ್ಕ. "ನಿನ್ನ ಮಾತನ್ನ ನಿನ್ನ ತಾಯಿ ನಂಬದ ಹಾಗೆ ಮಾಡಿದೆ ಮಗಳೇ. ಬಟ್ಟೆ ಕೆಟ್ಟಿದ್ದಕ್ಕಿಂತ ಅದು ದೊಡ್ಡದು. ಕ್ಷಮಿಸು ಅಂತ ಕೇಳೋಕೂ ನಾಚಿಕೆ ಆಗುತ್ತೆ."

ಹುಡುಗಿ ನುಂಗಿ, ಇನ್ನೊಂದು ತುಂಡು ಕಚ್ಚಿ, ಯೋಚಿಸಿದಳು. "ಈಗ ಮಾತಾಡಿಸಬೇಡಿ ಅಕ್ಕ. ಮೊದಲು ತಿಂತೀನಿ. ಹೊಟ್ಟೆ ತುಂಬಿದ ಮೇಲೆ ಕ್ಷಮಿಸ್ತೀನಿ, ಆಗ ಸರಿಯಾಗಿ ಮಾಡಬಹುದು." ನಾಲ್ಕು ತುಂಡು ತಿಂದಳು. ಇಬ್ಬರೂ ಹೆಂಗಸರು ದೊಡ್ಡ ಕೆಲಸವೊಂದನ್ನು ನೋಡುವಂತೆ ನೋಡುತ್ತಾ ಕೂತರು. ಐದನೆಯದನ್ನು ಅವಳು ಟೇಪಕ್ಕನ ಕೈಗೆ ಕೊಟ್ಟಳು. "ತಿನ್ನಿ. ಆಯ್ತು, ಕ್ಷಮಿಸಿದೆ."

ಹೆಡ್‌ಮಿಸ್ ಅಷ್ಟು ಬೇಗ ಕ್ಷಮಿಸುವವರಲ್ಲ. ಗೌನನ್ನು ಬೇರೆ ಕಡೆ ಕೊಡುತ್ತೇನೆ ಎಂದರು. ಹುಡುಗಿ ಒಪ್ಪಲಿಲ್ಲ. "ಇವರೇ ಹೊಲೀಬೇಕು. ಇನ್ನು ಮುಂದೆ ಇವರಷ್ಟು ಹುಷಾರಾಗಿ ಅಳೆಯೋರು ಎಲ್ಲೂ ಸಿಗಲ್ಲ." ಬಿಚ್ಚಿ ಎರಡೂ ಪಕ್ಕಕ್ಕೆ ಪಟ್ಟಿ ಸೇರಿಸಬೇಕು, ಅದೇ ಬಟ್ಟೆ ಬೇಕು, ಅದು ಬಾಲದಲ್ಲಿ ಮಾತ್ರ ಇದೆ ಎಂದು ಟೇಪಕ್ಕ ಹೇಳಿದಳು; ಎಷ್ಟು ಮಾಡಿದರೂ ಹತ್ತಿರ ನೋಡಿದರೆ ಸೂಜಿಯ ಗುರುತು ಕಾಣುತ್ತದೆ ಎಂಬುದನ್ನೂ ಮುಚ್ಚಿಡಲಿಲ್ಲ. ಬಾಲ ಬೇಕೆಂದು ಹಟ ಹಿಡಿದಿದ್ದವರು ತಾಯಿ. ಹುಡುಗಿ ತಾಯಿಯ ಕಡೆ ನೋಡಿದಳು. ತಾಯಿ ಕಿಟಕಿಯ ಕಡೆ ನೋಡಿದರು. "ಕತ್ತರಿಸಿ" ಎಂದರು. "ಹೇಗೂ ಅವಳು ಅದನ್ನ ತುಳಿದು ಬೀಳ್ತಿದ್ಲು." ಅಳತೆ ಮತ್ತೆ ತೆಗೆದಾಗ ಇಪ್ಪತ್ತಾರೂವರೆ ಬಂತು. "ಇದಕ್ಕೆ ಹೊಲೀಬೇಡಿ ಮತ್ತೆ!" ಎಂದು ಹುಡುಗಿ ಕಿರುಚಿದಳು. "ಇಪ್ಪತ್ತೆಂಟಕ್ಕೆ ಹೊಲೀರಿ. ಶನಿವಾರದ ಹೊತ್ತಿಗೆ ನಾನು ಅಲ್ಲಿಗೆ ಬಂದು ಸೇರ್ತೀನಿ." ಹೊರಡುವಾಗ ಹೆಡ್‌ಮಿಸ್ ಬಾಗಿಲವರೆಗೆ ಬಂದರು. "ಮೂರು ದಿನ ನಾನು ನಿಮ್ಮನ್ನ ಮಾತಾಡಿಸಲ್ಲ. ಆಮೇಲೆ ನೋಡೋಣ" ಎಂದರು. ಅದು ಅವರ ಶಾಲೆಯ ಶಿಕ್ಷೆಯ ಲೆಕ್ಕವಿರಬೇಕು. ಟೇಪಕ್ಕ, "ಆಗ್ಲಿ ಮಿಸ್" ಎಂದಳು, ಕೊಟ್ಟ ಶಿಕ್ಷೆ ಕಡಿಮೆಯಾಯಿತೇ ಎಂದು ಅನುಮಾನಪಡುತ್ತಾ. ಬೀದಿಗಿಳಿದ ಮೇಲೆ ಕೈಯಲ್ಲಿ ಇನ್ನೂ ಬ್ರೆಡ್ಡಿನ ತುಂಡು ಇರುವುದು ಕಂಡಿತು. ನಡೆಯುತ್ತಲೇ ತಿಂದಳು. ಬೆಣ್ಣೆ ಮೊಣಕೈವರೆಗೆ ಇಳಿಯಿತು. ಕಾಯುತ್ತಿದ್ದವನು ಬೆಂಚಿನಿಂದೆದ್ದು ಅವಳ ಜೊತೆಗೇ ನಡೆದು ಬರುತ್ತಿದ್ದಾನೆ ಅನ್ನಿಸಿ ಸ್ವಲ್ಪ ಪಕ್ಕಕ್ಕೆ ಸರಿದು ಜಾಗ ಬಿಟ್ಟಳು, ಆಮೇಲೆ ತನಗೇ ನಗು ಬಂತು.

ಮಾತು ಹರಡಿತು. ಮಂಗಳವಾರ ಇಬ್ಬರು ಗಿರಾಕಿಗಳು ಬಂದು ಕೊಟ್ಟ ಬಟ್ಟೆ ವಾಪಸ್ಸು ತೆಗೆದುಕೊಂಡು ಹೋದರು. ಒಬ್ಬಳು, ಗೌನು ತೊಡಿಸಿ ನೋಡಿದ ದಿನ ಬೆಂಚಿನ ಮೇಲೆ ಕೂತು ಎಲ್ಲರಿಗಿಂತ ಜೋರಾಗಿ ನಕ್ಕವಳು, "ನಮ್ಮ ಅಳತೆನೂ ತಿದ್ದಿದೀರೇನೋ ಯಾರಿಗೆ ಗೊತ್ತು" ಎಂದಳು. ನೋವಾಯಿತು. "ತಿದ್ದಿಲ್ಲ. ಆದರೆ ನೀವು ಕೇಳಿದ್ದು ಸರಿ" ಎಂದು ಬಟ್ಟೆ ಮಡಚಿ ಕೊಟ್ಟಳು. ಗಂಡನಿಗೆ ಸೋಮವಾರವೇ ಎಲ್ಲ ಹೇಳಿದ್ದಳು. ಅವನು, "ಕೆಂಪು ದೀಪ ದಾಟಿದೀಯ" ಎಂದಿದ್ದ. ಆಮೇಲೆ, "ಆದ್ರೆ ನೀನೇ ರೈಲು ನಿಲ್ಲಿಸಿದೆ" ಎಂದೂ ಹೇಳಿ, ಕನ್ನಡಕದ ಗಾಜು ಒರೆಸಿ ಅವಳ ಮೂಗಿನ ಮೇಲೆ ತಾನೇ ಕೂರಿಸಿದ. ಅವಳು ಬಾಲ ಕತ್ತರಿಸಿದಳು, ಪಟ್ಟಿ ಸೇರಿಸಿದಳು, ಹಳೆಯ ತೂತುಗಳ ಮೇಲೆ ಹಬೆ ಹಿಡಿದು ಬೆರಳಿನಿಂದ ಒತ್ತಿದಳು. ಮೂವತ್ತೊಂದು ವರ್ಷದಲ್ಲಿ ಇಷ್ಟು ಗುರುತು ಉಳಿದ ಬಟ್ಟೆಯನ್ನು ಅವಳು ಹೊಲಿದದ್ದಿಲ್ಲ, ಇಷ್ಟು ಸಂತೋಷದಿಂದಲೂ ಹೊಲಿದದ್ದಿಲ್ಲ; ಕಾಲು ತುಳಿದಂತೆಲ್ಲ ಮಷೀನು ಅವಳಿಗಿಂತ ಮುಂದೆ ಓಡುತ್ತಿತ್ತು.

ಗುರುವಾರ ಮಧ್ಯಾಹ್ನ ಅಂಗಡಿಯ ಬಾಗಿಲಲ್ಲಿ ಹೆಡ್‌ಮಿಸ್ ನಿಂತಿದ್ದರು. ಕೈಯಲ್ಲಿ ಒಂದು ಪೊಟ್ಟಣ. ಟೇಪಕ್ಕ ಎದ್ದು ನಿಂತಳು. ಅವರು ಗೌನು ಕೇಳಲಿಲ್ಲ, ನೋಡಲೂ ಇಲ್ಲ. ಪರದೆಯ ಹಿಂದೆ ಹೋಗಿ, ಸ್ವಲ್ಪ ಹೊತ್ತು ಏದುಸಿರು ಬಿಟ್ಟು, ನೇರಳೆ ಬಣ್ಣದ ಹೊಸ ಉಡುಪೊಂದನ್ನು ತೊಟ್ಟು ಹೊರಗೆ ಬಂದರು. ಪೇಟೆಯ ದೊಡ್ಡ ಅಂಗಡಿಯಲ್ಲಿ ಮದುವೆಗೆಂದು ಹೊಲಿಸಿದ್ದು.

"ಇದು ನನಗೆ ಒಪ್ಪುತ್ತಾ?" ಎಂದರು. "ನಿಜ ಹೇಳಿ."

ಟೇಪಕ್ಕ ನೋಡಿದಳು. ಚೆನ್ನಾಗಿದೆ ಮಿಸ್ ಎಂಬ ಮಾತು ನಾಲಿಗೆಯ ತುದಿಗೆ ಬಂದು, ಅಭ್ಯಾಸಬಲದಿಂದ ನಾಯಿಯಂತೆ ಬಾಲ ಅಲ್ಲಾಡಿಸಿತು. "ಇಲ್ಲ ಮಿಸ್" ಎಂದಳು. "ತೋಳು ಎಳೀತಿದೆ. ಕೈ ಎತ್ತಿದ್ರೆ ಹರಿಯುತ್ತೆ. ಬಣ್ಣ ನಿಮ್ಮ ಮುಖನ ಮಂಕು ಮಾಡಿದೆ."

ಹೆಡ್‌ಮಿಸ್ ಕನ್ನಡಿಯಲ್ಲಿ ತಮ್ಮನ್ನು ನೋಡಿಕೊಂಡರು. "ಹದಿನೈದು ದಿನದಿಂದ ಎಲ್ಲರನ್ನೂ ಕೇಳ್ತಿದೀನಿ. ಎಲ್ಲರೂ ಚೆನ್ನಾಗಿದೆ, ಚೆನ್ನಾಗಿದೆ ಅಂತಾರೆ. ನಾನು ಹೆಡ್‌ಮಿಸ್ ಅಲ್ವಾ!" ಎಂದು ಪರದೆಯ ಹಿಂದೆ ಹೋಗಿ ಅದನ್ನು ಬಿಚ್ಚಿಟ್ಟು ಬಂದರು. "ನಾಳಿದ್ದು ಮದುವೆ. ಏನಾದ್ರೂ ಮಾಡೋಕಾಗುತ್ತಾ?"

"ತಿಳಿ ಹಸಿರು ಬಟ್ಟೆ ಇದೆ. ಇವತ್ತು ಕತ್ತರಿಸಿದ್ರೆ ನಾಳೆ ಸಂಜೆಗೆ ಕೊಡ್ತೀನಿ."

"ತಗೊಳ್ಳಿ ಅಳತೆ" ಎಂದು ಹೆಡ್‌ಮಿಸ್ ಎರಡೂ ಕೈ ಅಗಲಿಸಿ ಎತ್ತಿ ನಿಂತರು. ಟೇಪಕ್ಕ ಅವರ ಸೊಂಟದ ಸುತ್ತ ಟೇಪು ತಂದಳು. ಕನ್ನಡಕ ಒರೆಸಿಕೊಂಡಳು. ಅಂಕಿ ಓದಲು ಬಾಗಿದವಳು ಹಾಗೆಯೇ ನಿಂತಳು.

"ಉಸಿರು ಬಿಡಿ ಮಿಸ್."

"ಬಿಟ್ಟಿದೀನಿ."

"ಇಲ್ಲ, ಹಿಡ್ಕೊಂಡಿದೀರ."

ಹೆಡ್‌ಮಿಸ್ ಮೇಲೆ ಸೂರಿನ ಕಡೆ ನೋಡಿದರು. ಆಮೇಲೆ ಅವರ ತುಟಿ ನಡುಗಿತು, ಮೂಗಿನಿಂದ ಸಣ್ಣದೊಂದು ಸದ್ದು ಬಂತು, ಮತ್ತೆ ತಡೆಯಲಾಗದೆ ಹಿಡಿದಿಟ್ಟಿದ್ದ ಉಸಿರೆಲ್ಲ ಒಂದೇ ಸಲಕ್ಕೆ ನಗುವಾಗಿ ಹೊರಗೆ ಬಿತ್ತು. ಟೇಪಕ್ಕನ ಬೆರಳುಗಳ ನಡುವೆ ಟೇಪು ಸರಸರನೆ ಜಾರಿತು.